ಅಪ್ಪನ ಸಿಎ 19-9 ರಿಪೋರ್ಟ್ 412 ಬಂದಿದೆ, ಕ್ಯಾನ್ಸರೇನಾ? ಈ ‘ಸಕ್ಕರೆ ಗುರುತು’ ಅಂದ್ರೇನು, ಗೊತ್ತಿದ್ದವರು ಹೇಳಿ

ಹಾವೇರಿ_ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಪ್ಪನಿಗೆ 63 ವರ್ಷ. ಬ್ಯಾಡಗಿ ಹತ್ತಿರ ನಮ್ಮೂರು, ಮೆಣಸಿನಕಾಯಿ ಹೊಲ ಇದೆ. ಎರಡು ವಾರದಿಂದ ಕಣ್ಣು ಹಳದಿ, ಮೂತ್ರ ಚಹಾ ಬಣ್ಣ, ಮೈಯೆಲ್ಲ ತುರಿಕೆ. ಮೊದಲು ಊರಲ್ಲಿ ಕಾಮಾಲೆ ಅಂತ ನಾಟಿ ಔಷಧಿ ಕುಡಿಸಿದರು. ಕಡಿಮೆ ಆಗಲಿಲ್ಲ. ಆಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಬಂದು ಒಂದು ಲ್ಯಾಬಿನಲ್ಲಿ ‘ಫುಲ್ ಬಾಡಿ ಪ್ಯಾಕೇಜ್’ ಅಂತ ರಕ್ತ ಕೊಟ್ಟೆವು. ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ಅಂಶ) 11 ಇದೆ. ಕೆಳಗೆ ಸಿಎ 19-9 ಅಂತ ಒಂದು ಸಾಲು, 412. ಪಕ್ಕದಲ್ಲಿ 37ರ ಒಳಗೆ ಇರಬೇಕು ಅಂತ ಬರೆದಿದೆ. ಕೌಂಟರಿನ ಹುಡುಗ ‘ಇದು ಕ್ಯಾನ್ಸರ್ ಟೆಸ್ಟು ಸರ್, ತಡ ಮಾಡಬೇಡಿ’ ಅಂದುಬಿಟ್ಟ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಅಲ್ಲಿಂದ ಊಟ ಬಿಟ್ಟಿದ್ದಾರೆ.

ಇನ್ನೊಂದು ಗೊಂದಲ. ಅದೇ ರಿಪೋರ್ಟಿನಲ್ಲಿ ‘ಗ್ಲೈಕೋಸಿಲೇಟೆಡ್ ಹಿಮೋಗ್ಲೋಬಿನ್ 6.1’ ಅಂತ ಇದೆ. ರಾತ್ರಿ ಕೂತು ಓದಿದಾಗ ಈ ಸಿಎ 19-9 ಕೂಡ ಗ್ಲೈಕೋಸಿಲೇಷನ್ ಸಂಬಂಧದ್ದೇ ಅಂತ ಗೊತ್ತಾಯಿತು. ಎರಡೂ ಒಂದೇನಾ? ಅಪ್ಪನಿಗೆ ಸಕ್ಕರೆ ನಿಲ್ಲಿಸಬೇಕಾ? ಚಹಾಕ್ಕೆ ಎರಡು ಚಮಚ ಹಾಕಿಕೊಳ್ಳುವ ಮನುಷ್ಯ ಅವರು.

ಲ್ಯಾಬ್_ಕಾಕಾ

ತಮ್ಮಾ, ಮೊದಲು ಒಂದು ಲೋಟ ನೀರು ಕುಡಿ. 31 ವರ್ಷ ಹುಬ್ಬಳ್ಳಿಯ ಲ್ಯಾಬುಗಳಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು. ಡಾಕ್ಟರ್ ಅಲ್ಲ, ಆದರೆ ಇಂಥ ರಿಪೋರ್ಟು ಬೇಕಾದಷ್ಟು ಟೈಪ್ ಮಾಡಿದ್ದೇನೆ.

ಬಿಲಿರುಬಿನ್ 11 ಇರುವಾಗ ಸಿಎ 19-9 ನೋಡಿ ತೀರ್ಮಾನ ಮಾಡುವುದು, ಹೊಳೆಗೆ ಮಹಾಪೂರ ಬಂದಾಗ ಬಾವಿ ನೀರಿನ ರುಚಿ ನೋಡಿದ ಹಾಗೆ. ಆ ವಸ್ತು ಪಿತ್ತನಾಳದ ಒಳಗೋಡೆಯ ಕೋಶಗಳಲ್ಲೂ ತಯಾರಾಗುತ್ತದೆ, ಪಿತ್ತದ ಜೊತೆ ಹೊರಗೆ ಹೋಗುತ್ತದೆ. ದಾರಿ ಕಟ್ಟಿಕೊಂಡರೆ ಎಲ್ಲಿಗೆ ಹೋಗಬೇಕು? ವಾಪಸ್ಸು ರಕ್ತಕ್ಕೆ. ಕಟ್ಟಿರುವುದು ಕಲ್ಲಾಗಿರಬಹುದು, ಗಡ್ಡೆಯಾಗಿರಬಹುದು. ಎರಡಕ್ಕೂ ನಂಬರ್ ಏರುತ್ತದೆ. ಕಲ್ಲಿನಿಂದಲೇ ಸಾವಿರ ದಾಟಿದ್ದನ್ನು ನೋಡಿದ್ದೇನೆ, ಕಲ್ಲು ತೆಗೆದ ಮೇಲೆ ಇಳಿದದ್ದನ್ನೂ ನೋಡಿದ್ದೇನೆ.

ಈಗ ಬೇಕಿರುವುದು ಹೊಟ್ಟೆಯ ಸ್ಕ್ಯಾನು ಮತ್ತು ಒಬ್ಬ ಗ್ಯಾಸ್ಟ್ರೋ ಡಾಕ್ಟರು. ನಾಳೆಯೇ ಹೋಗು. ಚಳಿಜ್ವರ ಬಂದರೆ ನಾಳೆಗೂ ಕಾಯಬೇಡ, ಪಿತ್ತನಾಳದಲ್ಲಿ ಸೋಂಕು ಆದರೆ ಅದು ಎಮರ್ಜೆನ್ಸಿ.

ಖಾರಬೂಂದಿ

ಈ ಪ್ಯಾಕೇಜ್ ಅಂದ್ರೆ ಮದುವೆ ಊಟ ಇದ್ದಂಗೆ. ನೀವು ಕೇಳದೇ ಇದ್ದದ್ದನ್ನೂ ಎಲೆಗೆ ಹಾಕಿ ಹೋಗುತ್ತಾರೆ. ಆಮೇಲೆ ಹೊಟ್ಟೆ ಕೆಟ್ಟರೆ ನಮ್ಮದೇ ಹೊಟ್ಟೆ.

ಧಾರವಾಡ_ಬಯೋ

ನಾನು ಬಯೋಕೆಮಿಸ್ಟ್ರಿ ಓದಿದವನು, ಧಾರವಾಡ. ಅಣ್ಣಾ, ಕಾಕಾ ಹೇಳಿದ್ದೇ ಸರಿ, ಅದನ್ನು ಮೊದಲು ಮಾಡಿ. ನಿಮ್ಮ ‘ಎರಡೂ ಒಂದೇನಾ’ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಒಂದೇ ಅಲ್ಲ. ಹಿಮೋಗ್ಲೋಬಿನ್ ಎ1ಸಿ ಅಂದರೆ ರಕ್ತದಲ್ಲಿ ತಿರುಗಾಡುವ ಗ್ಲೂಕೋಸು ತಾನಾಗಿಯೇ ಹೋಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡದ್ದು. ಬೆಲ್ಲದ ಪಾಕ ಚೆಲ್ಲಿದ ಕಡೆ ಧೂಳು ಕೂತಂಗೆ. ಯಾರೂ ಕೂರಿಸಿದ್ದಲ್ಲ. ಅದರ ಸರಿಯಾದ ಹೆಸರು ಗ್ಲೈಕೇಷನ್. ಹಳೆಯ ಅಭ್ಯಾಸದಿಂದ ಲ್ಯಾಬಿನವರು ಇನ್ನೂ ‘ಗ್ಲೈಕೋಸಿಲೇಟೆಡ್’ ಅಂತಲೇ ಪ್ರಿಂಟ್ ಹಾಕುತ್ತಾರೆ. ಅದು ಡಯಾಬಿಟಿಸ್ ಲೆಕ್ಕ, ಅಷ್ಟೇ.

ಗ್ಲೈಕೋಸಿಲೇಷನ್ ಬೇರೆ. ಅದು ಕೋಶ ಬೇಕಂತಲೇ ಮಾಡುವ ಕೆಲಸ. ಕೋಶದೊಳಗೆ ಪ್ರೋಟೀನು ತಯಾರಾಗುತ್ತದೆ, ಆಮೇಲೆ ಗಾಲ್ಜಿ ಅನ್ನೋ ಜಾಗಕ್ಕೆ ಬರುತ್ತದೆ. ಅಲ್ಲಿ ಕಿಣ್ವಗಳು ಸಾಲಾಗಿ ನಿಂತು ಒಂದೊಂದೇ ಸಕ್ಕರೆ ಕಟ್ಟುತ್ತವೆ. ಗ್ಯಾಲಕ್ಟೋಸ್, ಫ್ಯೂಕೋಸ್, ಸಿಯಾಲಿಕ್ ಆಸಿಡ್, ಹೀಗೆ ಬೇರೆಬೇರೆ. ನೀವು ಬ್ಯಾಡಗಿಯವರು, ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲಕ್ಕೆ ಚೀಟಿ ಹಚ್ಚುವುದು ಗೊತ್ತಲ್ಲ. ಯಾರ ಮಾಲು, ಯಾವ ಅಂಗಡಿ, ಯಾವ ಲಾಟು, ಚೀಲ ಬಿಚ್ಚದೇ ಗೊತ್ತಾಗಬೇಕು. ಕೋಶದ ಮೇಲಿನ ಸಕ್ಕರೆ ಅಂಥದ್ದೇ ಚೀಟಿ. ನಮ್ಮ ರಕ್ತದ ಗುಂಪು ಕೂಡ ಇದೇ. ಎ ಗುಂಪು ಅಂದರೆ ಕೊನೆಯಲ್ಲಿ ಒಂದು ಬಗೆಯ ಸಕ್ಕರೆ, ಬಿ ಅಂದರೆ ಇನ್ನೊಂದು, ಓ ಅಂದರೆ ಆ ಕೊನೆಯ ಸಕ್ಕರೆ ಇಲ್ಲ. ಒಂದೇ ಒಂದು ಸಕ್ಕರೆ ಹೆಚ್ಚುಕಡಿಮೆ ಆದರೆ ರಕ್ತ ಹೊಂದುವುದಿಲ್ಲ, ಜೀವಕ್ಕೇ ಕುತ್ತು. ಚೀಟಿ ಎಷ್ಟು ಮುಖ್ಯ ಅಂತ ಇದರಲ್ಲೇ ಗೊತ್ತಾಗುತ್ತದೆ.

ಕ್ಯಾನ್ಸರ್ ಕೋಶದಲ್ಲಿ ಈ ಚೀಟಿ ಹಚ್ಚುವ ಕೆಲಸ ಹದಗೆಡುತ್ತದೆ. ಕೆಲವು ಕಡೆ ಚೀಟಿ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆ ಟಿಎನ್ ಅಂತ, ಟಿ ಆಂಟಿಜನ್ ಅಂತ ಹೆಸರು. ಕೆಲವು ಕಡೆ ಸಿಯಾಲಿಕ್ ಆಸಿಡ್ ಜಾಸ್ತಿ ಮೆತ್ತಿಕೊಳ್ಳುತ್ತದೆ. ನಿಮ್ಮ ಸಿಎ 19-9 ಅಂದರೆ ಪ್ರೋಟೀನ್ ಅಲ್ಲವೇ ಅಲ್ಲ, ಸಿಯಾಲಿಲ್ ಲೂಯಿಸ್ ಎ ಅನ್ನೋ ನಾಲ್ಕು ಸಕ್ಕರೆಯ ಒಂದು ಗೊಂಚಲು. 1979ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಕೊಪ್ರೋವ್ಸ್ಕಿಯವರ ತಂಡ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಇಲಿಗೆ ಚುಚ್ಚಿ ಪಡೆದ ಆಂಟಿಬಾಡಿಗಳಲ್ಲಿ (ಒಂದು ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನುಗಳು) ಒಂದು ಇದನ್ನು ಹಿಡಿಯಿತು. 19-9 ಅನ್ನೋದು ಆ ಆಂಟಿಬಾಡಿಯ ನಂಬರು, ಬೇರೆ ಅರ್ಥ ಏನೂ ಇಲ್ಲ. ಕ್ಯಾನ್ಸರಿನ 19ನೇ ಹಂತ ಅಂತ ಯಾರೋ ಹೆದರಿಸಿದ್ದನ್ನು ನಾನೇ ಕೇಳಿದ್ದೇನೆ!

ಗಮನಿಸಬೇಕಾದ್ದು ಏನಂದರೆ ಈ ಗೊಂಚಲು ಆರೋಗ್ಯವಾದ ಕೋಶದಲ್ಲೂ ಸ್ವಲ್ಪ ಇರುತ್ತದೆ. ಕಳ್ಳ ಹಾಕಿಕೊಂಡ ಅಂಗಿ ಊರಲ್ಲಿ ನಾಲ್ಕು ಜನರ ಮೈಮೇಲೂ ಇದೆ. ಅಂಗಿ ನೋಡಿ ಹಿಡಿಯಲು ಹೋದರೆ ಪಾಪದವರೂ ಸಿಗುತ್ತಾರೆ.

ಲಕ್ಷ್ಮೇಶ್ವರದಾಕಿ

ತಮ್ಮಾ, ಅಂಗಿಯೇ ಇಲ್ಲದ ಕಳ್ಳನೂ ಇರುತ್ತಾನೆ. ನಮ್ಮ ಸೋದರಮಾವನ ಕಥೆ ಹೇಳುತ್ತೇನೆ.

ಮಾವನಿಗೆ ಬೆನ್ನುನೋವು, ತೂಕ ಇಳಿಯುತ್ತಿತ್ತು. ಒಂದು ಕಡೆ ತೋರಿಸಿದಾಗ ಸಿಎ 19-9 ಮಾಡಿಸಿದರು. 2ಕ್ಕಿಂತ ಕಡಿಮೆ ಬಂತು. ‘ಸೊನ್ನೆ ಇದ್ದಂಗೆ ಇದೆ, ಚಿಂತೆ ಬೇಡ, ಗ್ಯಾಸ್ಟ್ರಿಕ್ಕು’ ಅಂತ ಗುಳಿಗೆ ಕೊಟ್ಟು ಕಳಿಸಿದರು. ನಾವೂ ಖುಷಿಯಾಗಿ ಪೇಢೆ ಹಂಚಿದೆವು. ನಾಲ್ಕು ತಿಂಗಳಾದ ಮೇಲೆ ಬೇರೆ ಕಡೆ ಸಿಟಿ ಸ್ಕ್ಯಾನ್ ಮಾಡಿದರೆ ಮೇದೋಜೀರಕದಲ್ಲಿ ಗಡ್ಡೆ. ಆಗಲೂ ಸಿಎ 19-9 ಅಷ್ಟೇ ಇತ್ತು. ಕೊನೆಯವರೆಗೂ ಅದು ಏರಲೇ ಇಲ್ಲ. ಯಾಕೆ ಅಂತ ಯಾರೂ ನಮಗೆ ಬಿಡಿಸಿ ಹೇಳಲಿಲ್ಲ.

ಧಾರವಾಡ_ಬಯೋ

ಅಕ್ಕಾ, ಕೇಳಿ ಬೇಜಾರಾಯಿತು. ಅದಕ್ಕೆ ಕಾರಣ ಬಹುಶಃ ಲೂಯಿಸ್ ನೆಗೆಟಿವ್. ಆ ಗೊಂಚಲಿಗೆ ಫ್ಯೂಕೋಸ್ ಕಟ್ಟಲು ಒಂದು ಕಿಣ್ವ ಬೇಕು, ಎಫ್‌ಯುಟಿ3 ಅಂತ. ನೂರರಲ್ಲಿ 5ರಿಂದ 10 ಜನರಲ್ಲಿ ಹುಟ್ಟಿನಿಂದಲೇ ಅದು ಕೆಲಸ ಮಾಡುವುದಿಲ್ಲ. ಅದರಿಂದ ಅವರಿಗೆ ಬೇರೆ ತೊಂದರೆ ಇಲ್ಲ. ಆದರೆ ಅವರ ಮೈ ಸಿಎ 19-9 ಕಟ್ಟಲಾರದು, ಕ್ಯಾನ್ಸರ್ ಎಷ್ಟೇ ಬೆಳೆದಿರಲಿ. ಅಂಥವರಲ್ಲಿ ನಂಬರು ತೀರಾ ತಳದಲ್ಲಿ ಬಂದರೆ ಅದನ್ನು ‘ಚೆನ್ನಾಗಿದೆ’ ಅಂತ ಓದಬಾರದು, ‘ಈ ಪರೀಕ್ಷೆ ಈ ಮನುಷ್ಯನಿಗೆ ಉಪಯೋಗವಿಲ್ಲ’ ಅಂತ ಓದಬೇಕು.

ಎರಡಕ್ಕೂ ಅರ್ಥ ಎಷ್ಟು ಬೇರೆ ನೋಡಿ.

ಲಕ್ಷ್ಮೇಶ್ವರದಾಕಿ

ಇಷ್ಟು ಒಂದು ಮಾತು ಅವತ್ತು ಯಾರಾದರೂ ಹೇಳಿದ್ದರೆ.

ಗದಗ_ಟೀಚರ್

ನನ್ನದೂ ಒಂದು ಸೇರಿಸುತ್ತೇನೆ, ಇದು ಒಳ್ಳೆಯದಾಗಿ ಮುಗಿದ ಕಥೆ. ಮೂರು ವರ್ಷದ ಹಿಂದೆ ಅವ್ವನಿಗೆ ಹೊಟ್ಟೆ ಉಬ್ಬಿ ನೀರು ತುಂಬಿತ್ತು. ಸಂಜೆ ಹೊತ್ತು ಸಣ್ಣ ಜ್ವರ. ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿಎ-125 ಮಾಡಿಸಿದರು, 530. 35ರ ಒಳಗಿರಬೇಕಂತೆ. ಸ್ಕ್ಯಾನಿನಲ್ಲೂ ಹೊಟ್ಟೆಯ ಪೊರೆ ದಪ್ಪ ಅಂತ ಬಂತು. ಬಂಧುಬಳಗ ಎಲ್ಲ ಅಂಡಾಶಯದ ಕ್ಯಾನ್ಸರು ಅಂತ ತೀರ್ಮಾನ ಮಾಡಿ ನೋಡಿಕೊಂಡು ಹೋಗಲು ಬರತೊಡಗಿದರು. ಅವ್ವ ನನ್ನ ತಂಗಿಯ ಮದುವೆ ಬೇಗ ಮುಗಿಸಿ ಅಂತ ಕೂತಳು.

ಆ ಡಾಕ್ಟರಮ್ಮ ಮಾತ್ರ ‘ತುಣುಕು ತೆಗೆದು ನೋಡದೇ ನಾನು ಏನೂ ಹೇಳುವುದಿಲ್ಲ’ ಅಂದರು. ದುರ್ಬೀನು ಹಾಕಿ ತುಣುಕು ತೆಗೆದರು. ಟಿಬಿ! ಹೊಟ್ಟೆಯ ಟಿಬಿ. ಆರು ತಿಂಗಳು ಸರಕಾರಿ ಗುಳಿಗೆ ನುಂಗಿದಳು, ಸಿಎ-125 ತಾನೇ ಇಳಿಯಿತು. ಈಗ ನನಗಿಂತ ಜೋರಾಗಿ ರೊಟ್ಟಿ ಬಡಿಯುತ್ತಾಳೆ. ತಂಗಿಯ ಮದುವೆ ಮಾತ್ರ ಆ ಗಡಿಬಿಡಿಯಲ್ಲೇ ಆಗಿಹೋಯಿತು, ಹುಡುಗ ಒಳ್ಳೆಯವನು, ನಮ್ಮ ಪುಣ್ಯ.

ಲ್ಯಾಬ್_ಕಾಕಾ

ಸಿಎ-125ಕ್ಕೆ ಹೊಟ್ಟೆಯ ಪೊರೆಗೆ ಏನೇ ಸಿಟ್ಟು ಬಂದರೂ ಏರುವ ಗುಣ ಇದೆ. ಟಿಬಿ, ಲಿವರ್ ಕೆಟ್ಟು ನೀರು ತುಂಬಿದ್ದು, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥದ್ದು ಹೊರಗೆ ಬೆಳೆಯುವುದು). ಮುಟ್ಟಿನ ದಿನಗಳಲ್ಲೂ, ಬಸುರಿ ಇದ್ದಾಗಲೂ ಸ್ವಲ್ಪ ಏರುತ್ತದೆ. ಅದರ ಹೆಸರೂ ಹಂಗೇ, 1981ರಲ್ಲಿ ರಾಬರ್ಟ್ ಬಾಸ್ಟ್ ಅನ್ನೋ ಡಾಕ್ಟರ ತಂಡಕ್ಕೆ ಕೈ ಹಿಡಿದದ್ದು 125ನೇ ಆಂಟಿಬಾಡಿ.

ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸೇರಿಸಿ, ಒಂದಿಷ್ಟು ಜನರಿಗೆ ವರ್ಷ ವರ್ಷ ಸಿಎ-125 ಅಥವಾ ಸ್ಕ್ಯಾನ್ ಮಾಡುತ್ತಾ ಬಂದರು. 2021ರಲ್ಲಿ ಕೊನೆಯ ಲೆಕ್ಕ ಬಂತು. ಅಂಡಾಶಯದ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಕಡಿಮೆ ಆಗಲಿಲ್ಲ. ಇದು ಗೊತ್ತಿದ್ದೂ ‘ಮಹಿಳಾ ದಿನದ ಆಫರ್’ ಅಂತ ಇದನ್ನು ಮಾರುತ್ತಾರೆ. ನಾನಿದ್ದ ಒಂದು ಕಡೆಯೂ ಮಾರಿದ್ದೇವೆ. ನನ್ನ ಕೈಯಲ್ಲೇ ಪಟ್ಟಿ ಅಂಟಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆದರೆ ಟೆಸ್ಟೇ ಕೆಟ್ಟದ್ದು ಅಂತಲ್ಲ. ಕ್ಯಾನ್ಸರ್ ಅಂತ ತುಣುಕಿನಲ್ಲಿ ಗಟ್ಟಿಯಾದ ಮೇಲೆ, ಚಿಕಿತ್ಸೆ ಹಿಡಿಯುತ್ತಿದೆಯೋ ಇಲ್ಲವೋ, ಮತ್ತೆ ಮರಳುತ್ತಿದೆಯೋ ಅಂತ ನೋಡಲು ಇದು ಒಳ್ಳೆಯ ಅಳತೆಗೋಲು. ಆಗ ಒಂದು ನಂಬರ್ ನೋಡುವುದಲ್ಲ, ತಿಂಗಳು ತಿಂಗಳಿನ ಏರಿಳಿತ ನೋಡುವುದು. ಅದೂ ಒಂದೇ ಲ್ಯಾಬಿನಲ್ಲಿ ಮಾಡಿಸಬೇಕು, ಮಷೀನು ಬದಲಾದರೆ ನಂಬರೂ ಬದಲಾಗುತ್ತದೆ.

ನಿಸರ್ಗ_ಪ್ರಿಯ

ಇಷ್ಟೆಲ್ಲ ಯಾಕೆ ಸ್ವಾಮಿ. ಕ್ಯಾನ್ಸರ್ ಕೋಶದ ಆಹಾರವೇ ಸಕ್ಕರೆ. ಸಕ್ಕರೆ, ಅನ್ನ, ಬೆಲ್ಲ ಪೂರ್ತಿ ಬಿಟ್ಟರೆ ಕೋಶ ಹಸಿವಿನಿಂದ ಸಾಯುತ್ತದೆ, ಮೇಲಿನ ಸಕ್ಕರೆ ಚೀಟಿಯೂ ಉದುರುತ್ತದೆ. ಪೆಟ್ ಸ್ಕ್ಯಾನಿನಲ್ಲಿ ಸಕ್ಕರೆ ಕೊಟ್ಟೇ ಕ್ಯಾನ್ಸರ್ ಹುಡುಕುವುದು. ಇದಕ್ಕಿಂತ ಸಾಕ್ಷಿ ಬೇಕಾ?

ನವನಗರ_ನರ್ಸ್

ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ಮೆಸೇಜ್ ನೋಡಿ ಅನ್ನ ಬಿಟ್ಟು, ಬೆಲ್ಲ ಬಿಟ್ಟು, ಬರೀ ಜ್ಯೂಸು ಕುಡಿದು 8 ಕೆಜಿ ಇಳಿದು ಬಂದವರನ್ನು ನೋಡಿದ್ದೇನೆ. ಕೀಮೋ ಕೊಡಲು ಮೈಯಲ್ಲಿ ತ್ರಾಣ ಇರಬೇಕು. ತೂಕ ಇಳಿದರೆ ಡೋಸು ಮುಂದೆ ಹಾಕುತ್ತಾರೆ. ಹಾವೇರಿ ಅಣ್ಣಾ, ನಿಮ್ಮ ಅಪ್ಪನಿಗೆ ಮೊದಲು ಊಟ ಮಾಡಿಸಿ.

ಧಾರವಾಡ_ಬಯೋ

ಪೆಟ್ ಸ್ಕ್ಯಾನಿನ ಮಾತು ಅರ್ಧ ನಿಜ. ಕ್ಯಾನ್ಸರ್ ಕೋಶ ಗ್ಲೂಕೋಸನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಇದನ್ನು ಓಟೋ ವಾರ್ಬುರ್ಗ್ ನೂರು ವರ್ಷದ ಹಿಂದೆಯೇ ತೋರಿಸಿದ. ಅದನ್ನೇ ಹಿಡಿದು ವಿಕಿರಣ ಸೂಸುವ ಗ್ಲೂಕೋಸಿನ ತಮ್ಮನನ್ನು ಚುಚ್ಚಿ ಎಲ್ಲಿ ಹೊಳೆಯುತ್ತದೆ ಅಂತ ನೋಡುತ್ತಾರೆ. ಆದರೆ ಮಿದುಳೂ ಹೊಳೆಯುತ್ತದೆ, ಅದೂ ಗ್ಲೂಕೋಸ್ ಎಳೆಯುತ್ತದೆ. ಮಿದುಳನ್ನು ಉಪವಾಸ ಹಾಕುತ್ತೀರಾ? ನೀವು ಒಂದು ಚೂರು ಸಕ್ಕರೆ ತಿನ್ನದಿದ್ದರೂ ಲಿವರು ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕೋಶದ ಮೇಲಿನ ಚೀಟಿಯ ಸಕ್ಕರೆಯನ್ನೂ ಕೋಶ ತಾನೇ ಮಾಡಿಕೊಳ್ಳುತ್ತದೆ. ಚಹಾದ ಸಕ್ಕರೆ ಬಿಟ್ಟರೆ ಆ ಚೀಟಿ ಉದುರಲ್ಲ. ಡಯಾಬಿಟಿಸ್ ಇದ್ದವರು ಸಕ್ಕರೆ ಬಿಡುವುದು ಬೇರೆ ಮಾತು.

ಖಾರಬೂಂದಿ

ಅಂದರೆ ಲೈನ್ ಬಜಾರಿನ ಪೇಢೆಗೆ ಜಾಮೀನು ಸಿಕ್ಕಿತು. ಸರಿ, ಚೀಟಿ ಓದಿ ಕಂಡುಹಿಡಿಯುವ ಕಥೆ ಆಯಿತು, ಅದೂ ಅರೆಬರೆ. ಆ ಚೀಟಿ ಹಿಡಿದು ಔಷಧಿ ಏನಾದರೂ ಬಂದಿದೆಯಾ? ಇಲ್ಲ ಬರೀ ಪೇಪರ್ ಬರೆದುಕೊಂಡು ಕೂತಿದ್ದೀರಾ?

ಧಾರವಾಡ_ಬಯೋ

ಬಂದಿದೆ, ಮತ್ತೆ ಸೋತದ್ದೂ ಇದೆ. ಸೋತದ್ದನ್ನೇ ಮೊದಲು ಹೇಳುತ್ತೇನೆ. ಅರ್ಧಕ್ಕೆ ನಿಂತ ಚೀಟಿಯ ಮೇಲೆ ಸಿಯಾಲಿಕ್ ಆಸಿಡ್ ಕೂತ ಒಂದು ಗುರುತು ಇದೆ, ಅದನ್ನೇ ಲಸಿಕೆ ಮಾಡಿ ಮೈಗೆ ಪರಿಚಯ ಮಾಡಿಕೊಟ್ಟರೆ ಮೈಯೇ ಕ್ಯಾನ್ಸರನ್ನು ಹೊಡೆಯುತ್ತದೆ ಅಂತ ಥೆರಾಟೋಪ್ ಅನ್ನೋ ಲಸಿಕೆ ಮಾಡಿದರು. ಸ್ತನ ಕ್ಯಾನ್ಸರ್ ಹರಡಿದ ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ನೋಡಿದರು. ಆಂಟಿಬಾಡಿ ಬಂತು, ಆಯುಷ್ಯ ಹೆಚ್ಚಲಿಲ್ಲ. 2003ರಲ್ಲಿ ಆ ಕನಸು ಮುರಿಯಿತು.

ಗೆದ್ದದ್ದು ಮಕ್ಕಳ ನ್ಯೂರೋಬ್ಲಾಸ್ಟೋಮಾದಲ್ಲಿ, ಅಂದರೆ ಎಳೆಯ ನರಕೋಶಗಳ ಕ್ಯಾನ್ಸರಿನಲ್ಲಿ. ಆ ಕೋಶಗಳ ಮೈಮೇಲೆ ಜಿಡಿ2 ಅಂತ ಕೊಬ್ಬಿಗೆ ಕಟ್ಟಿದ ಸಕ್ಕರೆ ತುಂಬಿರುತ್ತದೆ. ಅದನ್ನು ಹಿಡಿಯುವ ಡೈನುಟುಕ್ಸಿಮ್ಯಾಬ್‌ಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಜಿಡಿ2 ನರಗಳ ಮೇಲೂ ಇದೆ, ಹಾಗಾಗಿ ಡ್ರಿಪ್ ಹಾಕುವಾಗ ಮಕ್ಕಳಿಗೆ ವಿಪರೀತ ನೋವು, ಜೊತೆಗೇ ಮಾರ್ಫಿನ್ ಕೊಡಬೇಕಾಗುತ್ತದೆ. ಮತ್ತೆ ಅದೇ ಅಂಗಿಯ ಸಮಸ್ಯೆ ನೋಡಿ.

ಇನ್ನೊಂದು ಸ್ವಾರಸ್ಯ. ಔಷಧಿಯ ಮೈಮೇಲೂ ಸಕ್ಕರೆ ಇರುತ್ತದೆ! ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಒಂದು ಆಂಟಿಬಾಡಿ. ವೈ ಆಕಾರ, ಅದರ ಕಾಂಡದಲ್ಲಿ 297ನೇ ಜಾಗದಲ್ಲಿ ಒಂದು ಸಕ್ಕರೆ ಕೊಂಬೆ. ಆ ಕೊಂಬೆಯಲ್ಲಿ ಫ್ಯೂಕೋಸ್ ಒಂದನ್ನು ಕಟ್ಟದೇ ಬಿಟ್ಟರೆ ಮೈಯ ಕಾವಲು ಕೋಶಗಳು ಆಂಟಿಬಾಡಿಯನ್ನು ಹಲವು ಪಟ್ಟು ಬಿಗಿಯಾಗಿ ಹಿಡಿಯುತ್ತವೆ, ಏಟು ಜೋರಾಗುತ್ತದೆ. ಈ ಲೆಕ್ಕದಲ್ಲಿ ಫ್ಯೂಕೋಸ್ ತೆಗೆದೇ ಮಾಡಿದ ಔಷಧಿಗಳಿವೆ. ಮೊಗಾಮುಲಿಜುಮ್ಯಾಬ್ 2012ರಲ್ಲಿ ಜಪಾನಿನಲ್ಲಿ ಬಂತು. ಫ್ಯೂಕೋಸ್ ಕಡಿಮೆ ಮಾಡಿದ ಒಬಿನುಟುಜುಮ್ಯಾಬ್ 2013ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಬಂತು.

ನಮ್ಮ ಬೆಂಗಳೂರಿನ ಬಯೋಕಾನ್ ಟ್ರಾಸ್ಟುಜುಮ್ಯಾಬ್‌ನ ಕಡಿಮೆ ಬೆಲೆಯ ರೂಪವನ್ನು 2014ರಲ್ಲಿ ಇಲ್ಲಿ ಮಾರುಕಟ್ಟೆಗೆ ತಂದಿತು, 2017ರಲ್ಲಿ ಅದಕ್ಕೆ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ಇಂಥದ್ದನ್ನು ಮಾಡುವವರಿಗೆ ತಲೆನೋವೇ ಈ ಸಕ್ಕರೆ. ಪ್ರೋಟೀನು ಅಕ್ಷರ ಅಕ್ಷರ ನಕಲು ಮಾಡಬಹುದು, ಆದರೆ ಸಕ್ಕರೆ ಕಟ್ಟುವುದು ಹ್ಯಾಮ್‌ಸ್ಟರ್ ಅನ್ನೋ ಇಲಿಯಂಥ ಪ್ರಾಣಿಯ ಕೋಶಗಳು. ತೊಟ್ಟಿಯ ಉಷ್ಣತೆ, ಆಹಾರ ಸ್ವಲ್ಪ ಬದಲಾದರೂ ಕಟ್ಟುವ ರೀತಿ ಬದಲು. ಒಂದೇ ಹಿಟ್ಟು, ಒಂದೇ ಹಂಚು, ಆದರೂ ಅತ್ತೆಯ ರೊಟ್ಟಿಯೇ ಬೇರೆ ಸೊಸೆಯ ರೊಟ್ಟಿಯೇ ಬೇರೆ ಅನ್ನುವುದಿಲ್ಲವಾ, ಹಂಗೆ.

ನವನಗರ_ನರ್ಸ್

ಸೆಟುಕ್ಸಿಮ್ಯಾಬ್ ವಿಷಯ ಹೇಳಿ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಕೊಡುವುದುಂಟು. ಮೊದಲ ಡ್ರಿಪ್ ಹಾಕುವಾಗ ಪಕ್ಕದಲ್ಲೇ ನಿಲ್ಲಬೇಕು ಅಂತ ನಮಗೆ ಟ್ರೇನಿಂಗಿನಲ್ಲೇ ಹೇಳಿದ್ದರು. ಯಾಕೆ ಅಂತ ಆಮೇಲೆ ಗೊತ್ತಾಯಿತು.

ಧಾರವಾಡ_ಬಯೋ

ಹೌದು ಅಕ್ಕಾ, ಅದು ಪತ್ತೇದಾರಿ ಕಥೆಯೇ. ಅಮೆರಿಕದ ಟೆನೆಸ್ಸಿ, ನಾರ್ತ್ ಕೆರೊಲಿನಾ ಕಡೆಯ ಹಲವು ರೋಗಿಗಳಿಗೆ ಈ ಔಷಧಿ ಹಾಕಿದ ಕೂಡಲೇ ಜೋರು ಅಲರ್ಜಿ, ಬಿಪಿ ಬಿದ್ದುಹೋಗುವುದು. ಬೇರೆ ಕಡೆ ಅಷ್ಟಿಲ್ಲ. 2008ರಲ್ಲಿ ಕಾರಣ ಸಿಕ್ಕಿತು. ಸೆಟುಕ್ಸಿಮ್ಯಾಬ್ ತಯಾರಾಗುವುದು ಇಲಿಯ ಕೋಶಗಳಲ್ಲಿ, ಅವು ಆಲ್ಫಾ-ಗಾಲ್ ಅನ್ನೋ ಸಕ್ಕರೆ ಸೇರಿಸುತ್ತವೆ. ಮನುಷ್ಯರಲ್ಲಿ ಅದು ಇಲ್ಲ. ಅಲ್ಲಿಯ ಹಲವರಿಗೆ ಮೊದಲೇ ಆ ಸಕ್ಕರೆಗೆ ಅಲರ್ಜಿ ಆಂಟಿಬಾಡಿ ಇತ್ತು. ಎಲ್ಲಿಂದ? ಆಮೇಲೆ ನೋಡಿದರೆ ಉಣ್ಣೆ ಹುಳ ಕಚ್ಚಿದ್ದರಿಂದ! ಅಂಥವರಿಗೆ ದನ, ಹಂದಿಯ ಮಾಂಸ ತಿಂದರೂ ಕೆಲವು ಗಂಟೆ ಬಿಟ್ಟು ಮೈ ತುರಿಸುತ್ತದೆ. ಹೊಲದಲ್ಲಿ ಕಚ್ಚಿದ ಉಣ್ಣೆ, ಆಸ್ಪತ್ರೆಯಲ್ಲಿ ಹಾಕಿದ ಕ್ಯಾನ್ಸರ್ ಔಷಧಿ, ನಡುವೆ ಒಂದು ಸಕ್ಕರೆ.

ಇನ್ನೂ ನಡೆಯುತ್ತಿರುವುದು ಸಿಯಾಲಿಕ್ ಆಸಿಡ್ ಕೆಲಸ. ಅದು ಜಾಸ್ತಿ ಇದ್ದರೆ ಕಾವಲು ಕೋಶಗಳು ‘ನಮ್ಮವನೇ’ ಅಂತ ಬಿಟ್ಟುಬಿಡುತ್ತವೆ. 2022ರಲ್ಲಿ ಕೆಮಿಸ್ಟ್ರಿ ನೊಬೆಲ್ ಹಂಚಿಕೊಂಡ ಕ್ಯಾರೊಲಿನ್ ಬರ್ಟೋಜಿಯವರ ತಂಡ, ಆಂಟಿಬಾಡಿಗೆ ಆ ಸಕ್ಕರೆ ಕತ್ತರಿಸುವ ಕಿಣ್ವವನ್ನೇ ಜೋಡಿಸಿ ಕಳಿಸುವ ಉಪಾಯ ತೋರಿಸಿತು. ಮುಖವಾಡ ಕಿತ್ತು ಹೊಡೆಯುವುದು. ನಮ್ಮ ಆಸ್ಪತ್ರೆಯಲ್ಲಿ ಸಿಗುವ ಔಷಧಿ ಅಲ್ಲ ಇದು, ಯಾರಾದರೂ ಕೊಡುತ್ತೇನೆ ಅಂದರೆ ನಂಬಬೇಡಿ.

ಶೇಂಗಾ_ಬೆಳೆಗಾರ

ನಾನು ಕುಂದಗೋಳ ಕಡೆಯ ರೈತ, ಓದಿದ್ದು ಪಿಯುಸಿ. ಎಲ್ಲ ಓದಿದೆ, ಅರ್ಧ ತಲೆಗೆ ಹೋಯಿತು. ಒಂದು ಕೇಳಬೇಕಿತ್ತು. ಶೇಂಗಾದಲ್ಲಿ ಕ್ಯಾನ್ಸರ್ ಹಿಡಿಯುವ ಗುಣ ಇದೆ ಅಂತ ಮಗಳು ಕಾಲೇಜಿನಿಂದ ಬಂದು ಹೇಳಿದಳು. ತಮಾಷೆ ಮಾಡಿದಳೋ ನಿಜವೋ?

ಧಾರವಾಡ_ಬಯೋ

ನಿಜ ಕಾಕಾ! ಈ ಪ್ರಶ್ನೆಗೆ ಕಾಯುತ್ತಿದ್ದೆ ಅನ್ನಿ.

ಸಕ್ಕರೆಯ ಚೀಟಿ ಓದುವ ಪ್ರೋಟೀನುಗಳಿಗೆ ಲೆಕ್ಟಿನ್ ಅಂತಾರೆ. ಬೀಜಗಳಲ್ಲಿ ಬೇಕಾದಷ್ಟು ಇರುತ್ತವೆ. ಶೇಂಗಾದ ಲೆಕ್ಟಿನ್ ಆ ಅರ್ಧಕ್ಕೆ ನಿಂತ ಟಿ ಆಂಟಿಜನ್ನನ್ನು ಹಿಡಿಯುತ್ತದೆ. ಹಲಸಿನ ಬೀಜದ ಜ್ಯಾಕಲಿನ್ ಕೂಡ ಹಿಡಿಯುತ್ತದೆ. ಜಗತ್ತಿನ ಲ್ಯಾಬುಗಳಲ್ಲಿ ಗಡ್ಡೆಯ ತುಣುಕಿನ ಮೇಲೆ ಇವನ್ನು ಹಾಕಿ ಎಲ್ಲಿ ಅಂಟುತ್ತದೆ ಅಂತ ನೋಡುತ್ತಾರೆ. ಚನ್ನಂಗಿ ಬೇಳೆಯದಂತೂ ರಕ್ತಪರೀಕ್ಷೆಗೇ ಬಂದಿದೆ. ಎಎಫ್‌ಪಿ ಅನ್ನೋ ಪ್ರೋಟೀನು ಲಿವರ್ ಕ್ಯಾನ್ಸರಿನಲ್ಲೂ ಏರುತ್ತದೆ, ಬರೀ ಲಿವರ್ ಉರಿಯೂತದಲ್ಲೂ ಏರುತ್ತದೆ. ಆದರೆ ಕ್ಯಾನ್ಸರಿನಿಂದ ಬಂದ ಎಎಫ್‌ಪಿ ಮೇಲೆ ಫ್ಯೂಕೋಸ್ ಒಂದು ಜಾಸ್ತಿ ಇರುವುದುಂಟು, ಅದನ್ನು ಚನ್ನಂಗಿ ಬೇಳೆಯ ಲೆಕ್ಟಿನ್ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದ ಪಾಲಿಗೆ ಎಎಫ್‌ಪಿ-ಎಲ್3 ಅಂತ ಹೆಸರು. ಪ್ರೋಟೀನು ಒಂದೇ, ಸಕ್ಕರೆ ಬೇರೆ, ಅದರಿಂದಲೇ ಗುರುತು. ಇಡೀ ಚರ್ಚೆಯಲ್ಲಿ ನನಗೆ ಅತಿ ಇಷ್ಟವಾದ ಟೆಸ್ಟು ಇದು.

ಈಗ ನಮ್ಮೂರಿನ ಮಾತು. ಶೇಂಗಾ ಬುಡಕ್ಕೆ ಬಿಳಿ ಬೂಸ್ಟು ಬಂದು ಗಿಡ ಬಾಡುತ್ತದಲ್ಲ, ಮಣ್ಣಲ್ಲಿ ಸಾಸಿವೆ ಕಾಳಿನಂಥ ಉಂಡೆಗಳು ಕಾಣುತ್ತವಲ್ಲ?

ಶೇಂಗಾ_ಬೆಳೆಗಾರ

ಬುಡಕೊಳೆ. ಹೋದ ಮುಂಗಾರಿನಲ್ಲಿ ಅರ್ಧ ಎಕರೆ ತಿಂದಿದೆ. ಅದರ ಹೆಸರು ಎತ್ತಬೇಡ.

ಧಾರವಾಡ_ಬಯೋ

ಅದೇ ಶಿಲೀಂಧ್ರ, ಸ್ಕ್ಲೆರೋಷಿಯಂ ರಾಲ್ಫ್ಸಿ. ಅದರಿಂದಲೇ ಒಂದು ಲೆಕ್ಟಿನ್ ತೆಗೆದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಪ್ರೊ. ಬಿ. ಎಂ. ಸ್ವಾಮಿ, ಪ್ರೊ. ಶಶಿಕಲಾ ಇನಾಮದಾರ ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿದೆ. ಅದು ಟಿ ಆಂಟಿಜನ್ನನ್ನು ಹಿಡಿಯುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ಕರುಳು, ಸ್ತನ, ಅಂಡಾಶಯದ ಕ್ಯಾನ್ಸರ್ ಕೋಶಗಳ ಬೆಳವಣಿಗೆ ಅದರಿಂದ ತಗ್ಗಿದ್ದನ್ನು ಪ್ರಕಟಿಸಿದ್ದಾರೆ. ನಿಮ್ಮ ಹೊಲ ಕೆಡಿಸಿದ ರೋಗ, ವಿಶ್ವವಿದ್ಯಾಲಯ ಇರುವ ಪಾವಟೆನಗರದ ಗುಡ್ಡದ ಮೇಲೆ ಬೇರೆ ಕೆಲಸಕ್ಕೆ ಬಿದ್ದಿದೆ.

ಆದರೆ ಕಾಕಾ, ಗಾಜಿನ ತಟ್ಟೆಯ ಮಾತು ಬೇರೆ, ಊಟದ ತಟ್ಟೆಯ ಮಾತು ಬೇರೆ. ಶೇಂಗಾ ಹಿಂಡಿ ತಿಂದರೆ ಕ್ಯಾನ್ಸರ್ ಹೋಗಲ್ಲ. ಆ ಶಿಲೀಂಧ್ರವನ್ನಂತೂ ಯಾರೂ ಅರೆದು ಕುಡಿಯಬೇಡಿ, ನಮ್ಮ ಜನ ಅದನ್ನೂ ಮಾಡಿಯಾರು.

ಲ್ಯಾಬ್_ಕಾಕಾ

ಶೇಂಗಾ ಮಾತು ಬಂತು ಅಂತ ಹೇಳುತ್ತೇನೆ. ಸರಿಯಾಗಿ ಒಣಗಿಸದೇ ಇಟ್ಟು ಹಸಿರು-ಹಳದಿ ಬೂಸ್ಟು ಹಿಡಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಇರುತ್ತದೆ. ಅದು ಲಿವರ್ ಕ್ಯಾನ್ಸರ್ ತರುತ್ತದೆ ಅನ್ನೋದು ಗಟ್ಟಿಯಾದ ವಿಷಯ. ಹುರಿದರೂ ಪೂರ್ತಿ ಹೋಗಲ್ಲ. ಕಹಿ ಕಾಳು ಬಾಯಿಗೆ ಬಂದರೆ ಉಗುಳಿಬಿಡಿ.

ಖಾರಬೂಂದಿ

ಒಂದು ಖಾರದ ಮಾತು ಹೇಳಲಾ? ನೀವು ಫ್ಯೂಕೋಸು, ಉಣ್ಣೆ, ಅಮೆರಿಕ ಎಲ್ಲ ಸುತ್ತಿ ಬಂದಿರಿ. ಹಳೇ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ, ಹತ್ತು ಜನರಲ್ಲಿ ಎಷ್ಟು ಜನರ ಬಾಯಲ್ಲಿ ಗುಟ್ಕಾ ಇದೆ. ನನ್ನ ಗೆಳೆಯನ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಅವನಿಗೆ ಯಾವ ಸಕ್ಕರೆ ಟೆಸ್ಟ್ ಬೇಕು?

ನವನಗರ_ನರ್ಸ್

ಯಾವುದೂ ಬೇಡ ಅಣ್ಣಾ. ಒಂದು ಟಾರ್ಚು, ಬಾಯಿ ನೋಡಲು ಬರುವ ಒಬ್ಬರು ಸಾಕು. ಕೇರಳದ ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬರೀ ಬಾಯಿ ತೆರೆಸಿ ನೋಡಿದರು. ತಂಬಾಕು, ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಪಾಲು ತಗ್ಗಿತು, 2005ರಲ್ಲಿ ಅದರ ಫಲಿತಾಂಶ ಬಂತು. ಪ್ಯಾಕೇಜಿಗೆ ದುಡ್ಡು ಕೊಡುವ ಮೊದಲು ನಿಮ್ಮ ಗೆಳೆಯನನ್ನು ಹಲ್ಲಿನ ಡಾಕ್ಟರ ಕಡೆ ಕರೆದುಕೊಂಡು ಹೋಗಿ. ಬಾಯಿ ತೆರೆಯದೇ ಇರುವುದು ಒಳ್ಳೆಯ ಲಕ್ಷಣ ಅಲ್ಲ.

ಖಾರಬೂಂದಿ

ಶನಿವಾರ ಎಳಕೊಂಡು ಹೋಗುತ್ತೇನೆ. ಬೈಯುತ್ತಾನೆ, ಬೈಯಲಿ.

ಹಾವೇರಿ_ಹುಡುಗ (ಐದು ವಾರದ ನಂತರ)

ಇಷ್ಟು ದಿನ ಬರೆಯಲಾಗಲಿಲ್ಲ, ಓಡಾಟದಲ್ಲಿದ್ದೆ. ಕಾಕಾ ಹೇಳಿದ ಮರುದಿನವೇ ಹೋದೆವು. ಸ್ಕ್ಯಾನಿನಲ್ಲಿ ನಾಳ ಉಬ್ಬಿದ್ದು ಕಂಡಿತು, ಆಮೇಲೆ ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನು) ಮಾಡಿದರು. ಪಿತ್ತನಾಳದ ಕೆಳತುದಿಯಲ್ಲಿ ಕಲ್ಲು, ಪಿತ್ತಕೋಶದಲ್ಲಿ ಇನ್ನೂ ನಾಲ್ಕೈದು. ಗಡ್ಡೆ ಕಾಣಲಿಲ್ಲ. ಬಾಯಿಯಿಂದ ಪೈಪ್ ಹಾಕಿ ನಾಳದ ಕಲ್ಲು ತೆಗೆದು ಸಣ್ಣ ಸ್ಟೆಂಟ್ ಇಟ್ಟಿದ್ದಾರೆ. ನಾಲ್ಕು ದಿನದಲ್ಲಿ ತುರಿಕೆ ನಿಂತಿತು.

ಮೊನ್ನೆ ಮತ್ತೆ ರಕ್ತ ಕೊಟ್ಟೆವು. ಬಿಲಿರುಬಿನ್ 1.3. ಸಿಎ 19-9 ಈಗ 46. ಅಪ್ಪ ‘37 ಅಂದಿದ್ದರಲ್ಲ, ಇನ್ನೂ 9 ಜಾಸ್ತಿ ಇದೆ’ ಅಂತ ಮಾರ್ಕೆಟ್ಟಿನ ತೂಕದ ಲೆಕ್ಕ ಹಾಕುತ್ತಾರೆ. ಡಾಕ್ಟರು ಇಳಿಯುತ್ತಿದೆ, ಅದೇ ಮುಖ್ಯ, ಸ್ಟೆಂಟ್ ತೆಗೆದು ಪಿತ್ತಕೋಶದ ಆಪರೇಷನ್ ಆದ ಮೇಲೆ ಇನ್ನೊಮ್ಮೆ ನೋಡೋಣ, ಆಗಲೂ ಇಳಿಯದಿದ್ದರೆ ಮತ್ತೆ ಸ್ಕ್ಯಾನ್ ಮಾಡುತ್ತೇನೆ ಅಂದಿದ್ದಾರೆ.

ಲಕ್ಷ್ಮೇಶ್ವರದ ಅಕ್ಕಾ, ನಿಮ್ಮ ಮಾವನ ಕಥೆ ಡಾಕ್ಟರಿಗೆ ಹೇಳಿದೆ. ‘ಸರಿಯಾಗಿ ಹೇಳಿದ್ದಾರೆ’ ಅಂದರು.

ಒಂದು ಕೊನೆಯ ಪ್ರಶ್ನೆ, ಅಪ್ಪನದ್ದು. ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿದ್ದಾರೆ. ತಿನ್ನಬಹುದಾ?

ಲ್ಯಾಬ್_ಕಾಕಾ

ಸಕ್ಕರೆ ಬೆಲ್ಲಕ್ಕೆ ಹೆದರಬೇಡ, ಆದರೆ ಎ1ಸಿ 6.1 ಇದೆ, ಅದನ್ನೂ ಮರೆಯಬೇಡ. ಪಿತ್ತಕೋಶದ ಕಲ್ಲು ಇನ್ನೂ ಒಳಗಿದೆ, ಜಿಡ್ಡು ತಿಂದರೆ ನೋವು ಬರಬಹುದು. ಒಂದು ಹೋಳಿಗೆ, ತುಪ್ಪ ಹಾಕದೇ.

ಹಾವೇರಿ_ಹುಡುಗ

ತುಪ್ಪ ಇಲ್ಲದ ಹೋಳಿಗೆ ಏನು ಹೋಳಿಗೆ ಅಂತ ಕೇಳುತ್ತಿದ್ದಾರೆ. ಊಟ ಶುರು ಮಾಡಿದ್ದಾರೆ ಕಾಕಾ.